ರೋಸ್ಟರ್ ಬರೆಯುವವಳ ಮೊದಲ ವರ್ಷ

ಆರ್ಡರ್ ಕೈಗೆ ಬಂದಾಗ ನಾನು ಒಬ್ಬ ರೋಗಿಯ ಕೈಯಲ್ಲಿ ನರ ಹುಡುಕುತ್ತಿದ್ದೆ. ಎರಡು ಸಲ ಚುಚ್ಚಿದರೂ ಸಿಕ್ಕಿರಲಿಲ್ಲ. ಅಟೆಂಡರ್ ಬಂದು, "ಸಿಸ್ಟರ್, ಸೂಪರಿಂಟೆಂಡೆಂಟ್ ಮೇಡಂ ಕೊಟ್ಟಿದ್ದಾರೆ" ಅಂತ ಕವರ್ ಚಾಚಿದ. ಅದನ್ನು ಜೇಬಿಗೆ ತುರುಕಿಕೊಂಡು ಮೊದಲು ಕ್ಯಾನುಲಾ ಹಾಕಿ ಮುಗಿಸಿದೆ. ಆಮೇಲೆ ಓದಿದೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ 30 ಹಾಸಿಗೆಯ ಮೆಡಿಕಲ್ ವಾರ್ಡಿಗೆ ನಾನೇ ಇನ್‌ಚಾರ್ಜ್.

ಅಲ್ಲಿಯವರೆಗೆ 11 ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಯಾರಿಗೂ ಸಿಗದ ನರ ನನಗೆ ಸಿಗುತ್ತದೆ ಅಂತ ಹೆಸರಿತ್ತು. (ಆ ದಿನದ ಮಾತು ಬಿಡಿ.) ನಮ್ಮ ಕೆಲಸದಲ್ಲಿ ಇದೊಂದು ವಿಚಿತ್ರ. ರೋಗಿಯ ಆರೈಕೆ ಚೆನ್ನಾಗಿ ಮಾಡುವವಳನ್ನು ಗುರುತಿಸಿ ಬಡ್ತಿ ಕೊಡುತ್ತಾರೆ. ಬಡ್ತಿ ಕೊಟ್ಟು ರೋಗಿಯಿಂದಲೇ ದೂರ ಕೂರಿಸುತ್ತಾರೆ. ಬರುವ ಕೆಲಸ ಬಿಡಿಸಿ, ಬಾರದ ಕೆಲಸ ಕೈಗೆ ಕೊಟ್ಟ ಹಾಗೆ.

ನನ್ನ ಹಿಂದಿನ ಇನ್‌ಚಾರ್ಜ್ ಬೆಳಗ್ಗೆಯಿಂದ ಸಂಜೆವರೆಗೆ ರಿಜಿಸ್ಟರ್‌ಗಳಲ್ಲಿ ಮುಳುಗಿರುತ್ತಿದ್ದರು. ಇಂಡೆಂಟ್ (ಸ್ಟೋರ್‌ನಿಂದ ಸಾಮಾನು ತರಿಸುವ ಬೇಡಿಕೆ ಚೀಟಿ), ಸ್ಟಾಕ್, ಲಿನನ್ ಲೆಕ್ಕ, ರಜೆ ಅರ್ಜಿ. ನಾನು ಹಾಗಾಗಬಾರದು ಅಂತ ತೀರ್ಮಾನ ಮಾಡಿಕೊಂಡೇ ಕುರ್ಚಿ ಹತ್ತಿದೆ. ನಾನು ವಾರ್ಡಿನ ಮಧ್ಯೆ ಇರುತ್ತೇನೆ, ಹೊಸಬರಿಗೆ ಕಲಿಸುತ್ತೇನೆ, ರೌಂಡ್ಸ್‌ನಲ್ಲಿ ರೋಗಿಯ ಪರ ಮಾತಾಡುತ್ತೇನೆ. ಬರವಣಿಗೆ ಕೆಲಸ ಹೇಗೋ ಆಗುತ್ತದೆ. ಅವರು ಬರೀ ಮ್ಯಾನೇಜರ್, ನಾನು ಲೀಡರ್. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ರೋಸ್ಟರ್‌ನಿಂದ.

16 ಜನ ನರ್ಸ್‌ಗಳ ಒಂದು ತಿಂಗಳ ಡ್ಯೂಟಿ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಒಬ್ಬಳಿಗೆ ಮಗನ ಪರೀಕ್ಷೆ. ಒಬ್ಬಳಿಗೆ ತಾಯಿಯ ಆಪರೇಷನ್. ಇನ್ನೊಬ್ಬಳು ಕಾರಣ ಹೇಳಲ್ಲ, ಆದರೆ ಗುರುವಾರ ಮಾತ್ರ ಬೇಡ. ಬಂದು ಕೇಳಿದವರಿಗೆಲ್ಲ ಹೂಂ ಅಂದೆ. ಒಳ್ಳೆಯವಳು ಅನಿಸಿಕೊಳ್ಳುವ ಆಸೆ, ಅಷ್ಟೇ. ಎರಡು ತಿಂಗಳಾದ ಮೇಲೆ, ಯಾವತ್ತೂ ಬಾಯಿಬಿಡದ ಒಬ್ಬಳು ಬಂದು ಬೇರೆ ವಾರ್ಡಿಗೆ ಹಾಕಿಸಿ ಅಂತ ಅರ್ಜಿ ಇಟ್ಟಳು. ಯಾಕೆ ಅಂದರೆ ಉತ್ತರ ಇಲ್ಲ. ಸುಮ್ನೆ ರೋಸ್ಟರ್ ತೆಗೆದು ಎಣಿಸಿದೆ. ಎರಡು ತಿಂಗಳಲ್ಲಿ ಅವಳು ಮಾಡಿದ್ದು 22 ನೈಟ್. ಬಾಯಿ ಜೋರಿದ್ದ ಇನ್ನೊಬ್ಬಳು ಮಾಡಿದ್ದು 8. ಕೇಳಿದವರಿಗೆ ನಾನು ಕೊಟ್ಟ ಪ್ರತಿ ರಜೆಯೂ ಕೇಳದವಳ ತಲೆ ಮೇಲೆ ಹೋಗಿ ಕೂತಿತ್ತು.

ನನ್ನ ಪಾಲಿಗೆ ರೋಸ್ಟರ್ ಅಂದರೆ ಮನೆ ಗೀಟು ಹಾಕಿದ ಒಂದು ಕಾಗದ. ವಾರ್ಡಿನವರು ಅದರಲ್ಲಿ ನನ್ನ ಮನಸ್ಸನ್ನು ಓದುತ್ತಿದ್ದರು. ಯಾರು ಇವಳಿಗೆ ಬೇಕಾದವರು, ಯಾರು ಬೇಡದವರು, ಎಲ್ಲ ಅದರಲ್ಲೇ ಕಾಣುತ್ತಿತ್ತು. ಪಾಳಿ ಬದಲಾಗುವಾಗ ಕೆಲಸ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಾನು ಒಗ್ಗಟ್ಟಿನ ಬಗ್ಗೆ ಎಷ್ಟು ಚೆಂದ ಮಾತಾಡಿದರೂ, ಗೋಡೆ ಮೇಲೆ ಅಂಟಿಸಿದ ಆ ಹಾಳೆ ಬೇರೆಯದೇ ಹೇಳುತ್ತಿತ್ತು.

ಆಮೇಲೆ ಲೆಕ್ಕಕ್ಕೆ ಕೂತೆ. ಈ ಲೆಕ್ಕ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ. ವಾರ್ಡ್ ಯಾವತ್ತೂ ಮುಚ್ಚುವುದಿಲ್ಲ. ಒಬ್ಬ ನರ್ಸ್ ನಿಲ್ಲಬೇಕಾದ ಒಂದು ಜಾಗ ಅಂದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಆ ಒಂದು ಜಾಗಕ್ಕೆ 3.5 ಜನ ಬೇಕು. 40 ಗಂಟೆಯ ವಾರವಾದರೆ 4.2. ಇದು ಯಾರೂ ರಜೆ ಹಾಕದೆ, ಯಾರಿಗೂ ಜ್ವರ ಬಾರದೆ ಇದ್ದರೆ. ನನ್ನ ವಾರ್ಡಿನಲ್ಲಿ ಬೆಳಗ್ಗೆ 5, ಮಧ್ಯಾಹ್ನ 5, ರಾತ್ರಿ 3 ಜನ ಇರಬೇಕು. ದಿನಕ್ಕೆ 13 ಪಾಳಿ, ಎಂಟು ಗಂಟೆಯಂತೆ 104 ಗಂಟೆ. ವಾರಕ್ಕೆ 728. ಅದನ್ನು 48ರಿಂದ ಭಾಗಿಸಿದರೆ 15 ಚಿಲ್ಲರೆ. ರಜೆ, ಕಾಯಿಲೆ, ಟ್ರೈನಿಂಗ್ ಅಂತ ಐದರಲ್ಲಿ ಒಂದು ಪಾಲು ತೆಗೆದಿಟ್ಟರೆ ಬೇಕಾಗುವುದು 19 ಜನ. ಇದ್ದವರು 16. ಅಂದರೆ ನಾನು ಎಷ್ಟೇ ಜಾಣತನ ಮಾಡಿದರೂ ಆ ರೋಸ್ಟರ್ ಕೂಡುವುದಿಲ್ಲ. ಕೊರತೆಯನ್ನು ಯಾರ ಮೇಲೆ ಹೇರುವುದು ಅನ್ನುವುದಷ್ಟೇ ನನ್ನ ಕೈಯಲ್ಲಿದ್ದದ್ದು.

ಈ ಲೆಕ್ಕವನ್ನೇ ಪತ್ರ ಮಾಡಿ ಸೂಪರಿಂಟೆಂಡೆಂಟ್ ಮೇಡಂಗೆ ಕೊಟ್ಟೆ. ಜೊತೆಗೆ 2002ರಲ್ಲಿ ಲಿಂಡಾ ಐಕನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವೊಂದರ ಸಾಲು ಸೇರಿಸಿದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಆಪರೇಷನ್ ಆದ ರೋಗಿಗಳನ್ನು ಅವರು ನೋಡಿದ್ದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿ ಆದಂತೆಲ್ಲ 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರಿತ್ತು. ಮೇಡಂ ಪತ್ರವನ್ನು ಎರಡು ಸಲ ಓದಿದರು. ಮೂರು ಜನ ಕೇಳಿದ್ದೆ, ಒಬ್ಬಳು ಬಂದಳು. ಅತ್ತು ಕರೆದು ಕೇಳಿದ್ದರೆ ಅದೂ ಬರುತ್ತಿರಲಿಲ್ಲ ಅಂತ ಈಗಲೂ ಅನಿಸುತ್ತದೆ. ಉಳಿದ ಕೊರತೆಯನ್ನು ಮುಚ್ಚಿಡಲಿಲ್ಲ. ರೋಸ್ಟರ್ ಪಕ್ಕದಲ್ಲೇ ಯಾರಿಗೆ ಎಷ್ಟು ನೈಟ್, ಎಷ್ಟು ಭಾನುವಾರ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದು ಅಂಟಿಸಿದೆ. ಬೈಗುಳ ನಿಲ್ಲಲಿಲ್ಲ. ಗುಸುಗುಸು ನಿಂತಿತು.

ಇಷ್ಟರಲ್ಲಿ ಅಕ್ಕನ ವಿಷಯ ಹೇಳಬೇಕು.

ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಡಾಕ್ಟರ್‌ಗಳಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಅಂತಲೇ. ಇನ್‌ಚಾರ್ಜ್ ಹುದ್ದೆ ಎರಡು ಸಲ ಬಂದಾಗಲೂ ಬೇಡ ಅಂದಿದ್ದರು. ನಾನು ಹೊಸದಾಗಿ ಸೇರಿದಾಗ ನನಗೆ ಕೈ ಹಿಡಿದು ಕಲಿಸಿದವರು. ಈಗ ನಾನೇ ಅವರ ಇನ್‌ಚಾರ್ಜ್. ಎಲ್ಲರೆದುರು "ಸಿಸ್ಟರ್, ನೀವು" ಅನ್ನುತ್ತಿದ್ದರು. ಇಬ್ಬರೇ ಇದ್ದಾಗ "ಏ, ಇಲ್ಲಿ ಬಾ" ಅನ್ನುತ್ತಿದ್ದರು.

ಮೂರನೇ ತಿಂಗಳು. ಮಧ್ಯಾಹ್ನದ ಪಾಳಿ ಮುಗಿಯುವ ಹೊತ್ತು. ನಾನಿನ್ನೂ ಮನೆಗೆ ಹೊರಟಿರಲಿಲ್ಲ. 14ನೇ ಹಾಸಿಗೆಯಿಂದ ಕೂಗು ಕೇಳಿತು. ರೋಗಿಗೆ ನಾಡಿ ಇಲ್ಲ. ಓಡಿ ಹೋದವಳೇ ಎದೆ ಒತ್ತಲು ಶುರು ಮಾಡಿದೆ. ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಅದು ನನಗೆ ಚೆನ್ನಾಗಿ ಬರುವ ಕೆಲಸ. ಇನ್‌ಚಾರ್ಜ್ ತಾನೇ ಮುಂದೆ ನಿಂತು ಮಾಡಿದರೆ ಅದೇ ಅಲ್ವಾ ಲೀಡರ್‌ಶಿಪ್? ಒತ್ತುತ್ತಾ ಇದ್ದೆ. ಉಸಿರು ಒತ್ತಿ ಕೊಡುವ ಆಂಬು ಬ್ಯಾಗ್ ಹಿಡಿದವರು ಯಾರು, ಡಾಕ್ಟರ್‌ಗೆ ಫೋನ್ ಹೋಗಿದೆಯಾ, ಎಷ್ಟು ಹೊತ್ತಾಯಿತು, ಯಾವುದೂ ನನಗೆ ಗೊತ್ತಿಲ್ಲ. ಸುತ್ತ ನಾಲ್ಕು ಜನ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಅಕ್ಕ ಬಂದು ಹಾಸಿಗೆಯ ಕಾಲ ಬಳಿ ನಿಂತರು. ಏನನ್ನೂ ಮುಟ್ಟಲಿಲ್ಲ. ದನಿ ಏರಿಸಲಿಲ್ಲ. "ನೀನು ಆಂಬು ಹಿಡಿ. ನೀನು ಗಡಿಯಾರ ನೋಡ್ಕೊಂಡು ಬರೀತಾ ಹೋಗು. ನೀನು ಡಿಫಿಬ್ ಪ್ಯಾಡ್ ಅಂಟಿಸು. ನೀನು 13ನೇ ಬೆಡ್‌ನವರ ಹತ್ತಿರ ಹೋಗಿ ಕೂತ್ಕೋ, ಪರದೆ ಎಳಿ." (ಡಿಫಿಬ್ ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ.) ಆಮೇಲೆ ನನ್ನ ಕಡೆ ತಿರುಗಿ, "ಸಿಸ್ಟರ್, ಎರಡು ನಿಮಿಷ ಆಯ್ತು. ನೀವು ಬಿಡಿ, ಅವಳು ಒತ್ತಲಿ" ಅಂದರು. ಬಿಟ್ಟೆ. ಕೈ ಬಿಟ್ಟ ಮೇಲೇ ನನಗೆ ವಾರ್ಡ್ ಕಣ್ಣಿಗೆ ಬಿದ್ದದ್ದು. ಮೊದಲ ಅಡ್ರಿನಲಿನ್ ಒಂದು ಮಿಲಿಗ್ರಾಂ ಹೋಗಿತ್ತು. ಮುಂದಿನದು ಮೂರರಿಂದ ಐದು ನಿಮಿಷದೊಳಗೆ. ಅದರ ಲೆಕ್ಕವನ್ನೂ ಅಕ್ಕನೇ ಇಟ್ಟಿದ್ದರು.

ಡ್ಯೂಟಿ ಡಾಕ್ಟರ್ ಬಂದು ಉಸಿರಿನ ಟ್ಯೂಬ್ ಹಾಕಲು ಲ್ಯಾರಿಂಗೋಸ್ಕೋಪ್, ಅಂದರೆ ಗಂಟಲೊಳಗೆ ನೋಡುವ ಲೈಟಿನ ಉಪಕರಣ, ಕೇಳಿದರು. ತುರ್ತು ಸಾಮಾನಿನ ಗಾಡಿ, ಕ್ರ್ಯಾಶ್ ಕಾರ್ಟ್‌ನಿಂದ ತೆಗೆದುಕೊಟ್ಟೆ. ಬ್ಲೇಡ್ ಬಿಚ್ಚಿದರು. ಲೈಟ್ ಹತ್ತಲಿಲ್ಲ. ಬ್ಯಾಟರಿ ಸತ್ತಿತ್ತು. ಪಕ್ಕದ ವಾರ್ಡಿನಿಂದ ಓಡಿ ತರುವವರೆಗೆ ಆಂಬು ಬ್ಯಾಗ್‌ನಲ್ಲೇ ಉಸಿರು ಕೊಡುತ್ತಾ ಇದ್ದೆವು. ಕೊನೆಗೆ ನಾಡಿ ಮರಳಿತು. ರೋಗಿಯನ್ನು ಐಸಿಯುಗೆ ಕಳಿಸಿದೆವು.

ಆ ರಾತ್ರಿ ಕ್ರ್ಯಾಶ್ ಕಾರ್ಟ್ ರಿಜಿಸ್ಟರ್ ತೆರೆದು ನೋಡಿದೆ. ಲ್ಯಾರಿಂಗೋಸ್ಕೋಪ್ ಅನ್ನುವ ಸಾಲಿನಲ್ಲಿ ತಿಂಗಳ ಪ್ರತಿ ದಿನವೂ ಟಿಕ್. ಆ ದಿನದ್ದೂ ಟಿಕ್. ಕೆಳಗೆ ನನ್ನ ಸಹಿ.

ಅಕ್ಕನ ಮುಂದೆ ತಲೆ ತಗ್ಗಿಸಿ ಕೂತೆ. ಈ ವಾರ್ಡಿಗೆ ನಿಜವಾದ ಲೀಡರ್ ನೀವೇ, ಕುರ್ಚಿಯೂ ನಿಮ್ಮದೇ ಆಗಬೇಕಿತ್ತು ಅಂದೆ. ಅವರು ನಗಲಿಲ್ಲ. "ಆ ಬ್ಯಾಟರಿ ವಿಷಯ ನನಗೆ ಗೊತ್ತಿತ್ತು ಕಣೇ. ಹಿಂದಿನ ತಿಂಗಳೇ ಮಂಕಾಗಿತ್ತು. ಹೇಳಿದೆ, ಇಂಡೆಂಟ್ ಹೋಗಲಿಲ್ಲ. ಮತ್ತೆ ಹೇಳೋಕೆ ಬೇಜಾರಾಯ್ತು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಬಲ್ಲೆ. ಒಂದು ಬ್ಯಾಟರಿ ತರಿಸೋಕೆ ನನ್ನ ಸಹಿ ನಡೆಯಲ್ಲ" ಅಂದರು.

ಅವತ್ತಿಗೆ ನನ್ನ ತಲೆಯಲ್ಲಿದ್ದ ಮ್ಯಾನೇಜರ್, ಲೀಡರ್ ಅನ್ನುವ ಎರಡು ಗೊಂಬೆಗಳೂ ಬಿದ್ದು ಒಡೆದವು. ಆ ಹತ್ತು ನಿಮಿಷ ಯಾರ ಮಾತು ಕೇಳಬೇಕು ಅಂತ ಯಾರಿಗೂ ಅನುಮಾನ ಇರಲಿಲ್ಲ, ಮತ್ತು ಆ ಮಾತು ಇನ್‌ಚಾರ್ಜ್‌ದಲ್ಲ. ಆದರೆ ಆ ಮಾತಿನಿಂದ ಲೈಟ್ ಹತ್ತಲಿಲ್ಲ. ಲೈಟ್ ಹತ್ತಬೇಕಿದ್ದರೆ ಇಪ್ಪತ್ತು ದಿನದ ಹಿಂದೆ ಯಾರೋ ಬೇಜಾರಿಲ್ಲದೆ ಒಂದು ಇಂಡೆಂಟ್ ಬರೆಯಬೇಕಿತ್ತು. ಆ ಯಾರೋ ನಾನೇ.

ರಿಜಿಸ್ಟರ್ ಬದಲಿಸಿದೆ. ಟಿಕ್ ಹಾಕುವ ಕಾಲಂಗಳನ್ನೆಲ್ಲ ತೆಗೆದೆ. ಸಿಲಿಂಡರ್‌ನಲ್ಲಿ ಪ್ರೆಶರ್ ಎಷ್ಟಿದೆ, ಸಂಖ್ಯೆ ಬರೆಯಿರಿ. ಕಾರ್ಟ್‌ನ ಸೀಲ್ ನಂಬರ್ ಬರೆಯಿರಿ. ಡಿಫಿಬ್ ಟೆಸ್ಟ್ ಮಾಡಿ ಬಂದ ಚೀಟಿ ಅಂಟಿಸಿ. ಅಡ್ರಿನಲಿನ್‌ನ ಎಕ್ಸ್‌ಪೈರಿ ತಾರೀಖು ಬರೆಯಿರಿ. ಟಿಕ್ ಹಾಕಲು ನೋಡಬೇಕಾಗಿಲ್ಲ. ಸಂಖ್ಯೆ ಬರೆಯಬೇಕಾದರೆ ನೋಡಲೇಬೇಕು.

ಅದೇ ಸುಮಾರಿಗೆ ಹೊಸ ಇನ್‌ಚಾರ್ಜ್‌ಗಳಿಗೆ ಐದು ದಿನದ ತರಬೇತಿ ಇತ್ತು. ಮೊದಲ ದಿನ ಹೆನ್ರಿ ಫಯೋಲ್. ಫ್ರಾನ್ಸಿನ ಗಣಿ ಎಂಜಿನಿಯರ್. 1916ರಲ್ಲಿ ಆತ ಹೇಳಿದ ಐದು ಕೆಲಸ: ಯೋಜನೆ ಹಾಕುವುದು, ಜನರನ್ನೂ ಸಾಮಾನನ್ನೂ ಹೊಂದಿಸುವುದು, ಆಜ್ಞೆ ಕೊಡುವುದು, ಎಲ್ಲವನ್ನೂ ಒಂದಕ್ಕೊಂದು ಜೋಡಿಸುವುದು, ಹತೋಟಿಯಲ್ಲಿಡುವುದು. ಗಣಿಯಾದರೇನು ವಾರ್ಡಾದರೇನು, ಪಟ್ಟಿ ಸರಿಯಾಗೇ ಇತ್ತು. ಎರಡನೇ ದಿನ ಬಂತು ಆ ಪ್ರಸಿದ್ಧ ಎರಡು ಕಾಲಂ. ಎಡಗಡೆ ಮ್ಯಾನೇಜರ್, ಬಲಗಡೆ ಲೀಡರ್. ಮ್ಯಾನೇಜರ್ ಇದ್ದದ್ದನ್ನು ಕಾಯುತ್ತಾನೆ, ಲೀಡರ್ ಹೊಸತು ತರುತ್ತಾನೆ. ಮ್ಯಾನೇಜರ್ ಹೇಗೆ ಅನ್ನುತ್ತಾನೆ, ಲೀಡರ್ ಯಾಕೆ ಅನ್ನುತ್ತಾನೆ. ಇಬ್ಬರೂ ಬೇರೆ ಜಾತಿಯ ಜನ ಅನ್ನುವ ವಾದವನ್ನು ಅಬ್ರಹಾಂ ಝಲೆಝ್ನಿಕ್ ಅನ್ನುವ ಮ್ಯಾನೇಜ್‌ಮೆಂಟ್ ಪ್ರೊಫೆಸರ್ 1977ರಲ್ಲಿ ಮುಂದಿಟ್ಟಿದ್ದರಂತೆ. ಮೂರು ತಿಂಗಳ ಹಿಂದೆ ಆಗಿದ್ದರೆ ನಾನು ತಲೆದೂಗುತ್ತಿದ್ದೆ. ಈಗ ಸಿಟ್ಟು ಬಂತು. ಎಡಗಡೆಯ ಕಾಲಂ ಓದಿದರೆ ಯಾವುದೋ ಸಿನಿಮಾದ ಖಳನಾಯಕನ ವರ್ಣನೆ ಇದ್ದ ಹಾಗಿತ್ತು. ಬ್ಯಾಟರಿ ತರಿಸುವವರು ಯಾವ ಕಾಲಂನವರು?

1990ರಲ್ಲಿ ಇನ್ನೊಬ್ಬ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಜಾನ್ ಕಾಟರ್ ಹೇಳಿದ್ದು ನನಗೆ ಸ್ವಲ್ಪ ಒಗ್ಗಿತು. ಮ್ಯಾನೇಜ್‌ಮೆಂಟ್ ಇರುವುದು ಸಿಕ್ಕುಸಿಕ್ಕಾದ ಕೆಲಸವನ್ನು ಹಿಡಿತಕ್ಕೆ ತರಲು, ಲೀಡರ್‌ಶಿಪ್ ಇರುವುದು ಬದಲಾವಣೆಯನ್ನು ಎದುರಿಸಲು. ಎರಡೂ ಬೇಕು, ಒಂದಿಲ್ಲದೆ ಇನ್ನೊಂದು ನಡೆಯದು. ಇಲ್ಲೂ ನನ್ನದೊಂದು ತಕರಾರು ಇದೆ. ವಾರ್ಡಿನಲ್ಲಿ ಇವೆರಡೂ ಸರದಿ ಹಚ್ಚಿ ಬರುವುದಿಲ್ಲ. ಒಂದೇ ಹಾಳೆಯಲ್ಲಿ, ಒಂದೇ ಸಹಿಯಲ್ಲಿ ಬರುತ್ತವೆ.

ಮೂರನೇ ದಿನ ಫ್ಲಾರೆನ್ಸ್ ನೈಟಿಂಗೇಲ್. ನಮಗೆಲ್ಲ ಗೊತ್ತಿರುವುದು ದೀಪ ಹಿಡಿದ ಚಿತ್ರ. 1854ರಲ್ಲಿ 38 ನರ್ಸ್‌ಗಳ ಜೊತೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ, ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದ ಆಕೆ ಹಗಲೆಲ್ಲ ಏನು ಮಾಡಿದರು ಅಂತ ಆ ಚಿತ್ರದಲ್ಲಿ ಇಲ್ಲ. ಬಟ್ಟೆ ಒಗೆಸುವ ವ್ಯವಸ್ಥೆ, ಅಡುಗೆಮನೆ, ಸಾಮಾನಿನ ಸರಬರಾಜು, ಪತ್ರ, ಲೆಕ್ಕ. ನರ್ಸಿಂಗ್ ಬಗ್ಗೆ ಆಕೆ ಬರೆದ ಪುಟ್ಟ ಪುಸ್ತಕದಲ್ಲಿ ಸಣ್ಣಪುಟ್ಟ ಮ್ಯಾನೇಜ್‌ಮೆಂಟ್ ಬಗ್ಗೆಯೇ ಒಂದು ಅಧ್ಯಾಯ ಇದೆ. ನೀನು ಇದ್ದಾಗ ಆಗುವ ಕೆಲಸ ನೀನು ಇಲ್ಲದಾಗಲೂ ಆಗುವ ಹಾಗೆ ನೋಡಿಕೋ ಅನ್ನುವುದು ಅದರ ತಿರುಳು. ದೀಪದ ಚಿತ್ರ ಗೋಡೆಗೆ ಬಂತು, ಒಗೆದ ಹಾಸಿಗೆಬಟ್ಟೆಯ ಲೆಕ್ಕ ಬರಲಿಲ್ಲ. ನಾಲ್ಕು ಮತ್ತು ಐದನೇ ದಿನ ನನಗೆ ನೆನಪಿಲ್ಲ. ಬಹುಶಃ ನಿದ್ದೆ ಮಾಡಿದೆ.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ.

ಪಕ್ಕಪಕ್ಕದ ಎರಡು ಹಾಸಿಗೆಯಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು. ಕೆಲಸಕ್ಕೆ ಸೇರಿ ಎರಡನೇ ವರ್ಷದ ಹುಡುಗಿ ಒಬ್ಬಳು ಒಬ್ಬರಿಗೆ ಕೊಡಬೇಕಾದ ಆರು ಯೂನಿಟ್ ಇನ್ಸುಲಿನ್ ಇನ್ನೊಬ್ಬರಿಗೆ ಕೊಟ್ಟುಬಿಟ್ಟಳು. ಹತ್ತು ನಿಮಿಷದೊಳಗೆ ಅವಳಿಗೇ ಗೊತ್ತಾಗಿ ಓಡಿ ಬಂದು ಹೇಳಿದಳು. ಮುಖ ಬಿಳಿಚಿಕೊಂಡಿತ್ತು. ಡಾಕ್ಟರ್‌ಗೆ ತಿಳಿಸಿದೆವು. ಮತ್ತೆ ಮತ್ತೆ ಸಕ್ಕರೆ ಅಂಶ ನೋಡುತ್ತಾ ಹೋದೆವು. ಡೆಸಿಲೀಟರ್‌ಗೆ 64 ಮಿಲಿಗ್ರಾಂಗೆ ಇಳಿಯಿತು. ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಕೊಟ್ಟರು. ಏರಿತು. ಮನೆಯವರಿಗೆ ವಿಷಯ ಹೇಳಿದೆವು. ರೋಗಿಗೆ ಏನೂ ಆಗಲಿಲ್ಲ.

ಅವಳು ತಾನಾಗಿ ಬಂದು ಹೇಳಿದ್ದರಿಂದಲೇ ಅದು ಅಷ್ಟಕ್ಕೇ ನಿಂತಿತು. ಅದಕ್ಕೆ ನಾನು ಕೊಟ್ಟ ಬಹುಮಾನ ಏನು ಗೊತ್ತಾ? ಮೆಮೊ. ವಿವರಣೆ ಬರೆದುಕೊಡು ಅಂದೆ. ಸಂಜೆ ಹ್ಯಾಂಡೋವರ್‌ನಲ್ಲಿ ಎಲ್ಲರೆದುರು ಹೇಳಿದೆ, ಇನ್ನು ಮುಂದೆ ಇಂಥದ್ದು ನಡೆದರೆ ಸುಮ್ಮನಿರಲ್ಲ ಅಂತ. ಖಡಕ್ ಆಗಿರಬೇಕು, ಅದೇ ಮ್ಯಾನೇಜ್‌ಮೆಂಟ್ ಅಂದುಕೊಂಡೆ. ಅವಳು ಅಳಲಿಲ್ಲ. ಗೋಡೆ ನೋಡುತ್ತಾ ನಿಂತಿದ್ದಳು.

ನಂತರದ ಮೂರು ತಿಂಗಳು ನಮ್ಮ ವಾರ್ಡಿನ ಇನ್ಸಿಡೆಂಟ್ ರಿಪೋರ್ಟ್, ಅಂದರೆ ನಡೆದ ತಪ್ಪುಗಳ ವರದಿ, ಎಷ್ಟು ಅಂದರೆ ಸೊನ್ನೆ. ಮಾಸಿಕ ಸಭೆಯಲ್ಲಿ ಆ ಸೊನ್ನೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸಿದೆ. ಚಪ್ಪಾಳೆಯೂ ಬಿತ್ತು. ಖುಷಿಯಲ್ಲಿ ಬಂದು ಅಕ್ಕನಿಗೆ ಹೇಳಿದೆ. ಅವರು ಔಷಧಿ ಟ್ರಾಲಿ ಒರೆಸುತ್ತಿದ್ದವರು ತಲೆ ಎತ್ತದೆ ಅಂದರು, "ತಪ್ಪು ನಿಂತಿಲ್ಲ. ಬಾಯಿ ನಿಂತಿದೆ."

ಹೌದಾ ಅಂತ ಒಂದು ವಾರ ಸುಮ್ಮನೆ ಗಮನಿಸಿದೆ. ಒಂದು ಡ್ರಿಪ್ ಲೆಕ್ಕಕ್ಕಿಂತ ವೇಗವಾಗಿ ಹೋಗಿ ಖಾಲಿಯಾಗಿತ್ತು, ಚಾರ್ಟ್‌ನಲ್ಲಿ ಎಲ್ಲ ಸರಿಯಾಗಿತ್ತು. ಒಬ್ಬರು ಹಾಸಿಗೆಯಿಂದ ಜಾರಿ ಕೂತಿದ್ದರು, ರೋಗಿಯೇ ನನಗೆ ಹೇಳಿದ್ದು. ಇಂಥವು ಮೊದಲು ನನ್ನ ಮೇಜಿಗೆ ಬರುತ್ತಿದ್ದವು. ಈಗ ಬರುತ್ತಿರಲಿಲ್ಲ. ನಾನು ಸೊನ್ನೆ ಅಂದುಕೊಂಡದ್ದು ಒಂದು ಮುಚ್ಚಿದ ಬಾಗಿಲು.

ಎಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ನೋಡಲು ಹೋಗಿದ್ದರು. ಒಳ್ಳೆಯ ತಂಡದಲ್ಲಿ ಔಷಧಿ ತಪ್ಪು ಕಮ್ಮಿ ಇರುತ್ತದೆ ಅನ್ನುವುದು ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ವರದಿಯಾದ ತಪ್ಪು ಜಾಸ್ತಿ. ಅವರು ತಪ್ಪು ಜಾಸ್ತಿ ಮಾಡುತ್ತಿದ್ದರು ಅಂತಲ್ಲ, ಹೇಳಲು ಹೆದರುತ್ತಿರಲಿಲ್ಲ. ಇದನ್ನು ನಾನು ತರಬೇತಿಯ ಹಾಳೆಗಳಲ್ಲಿ ಆಮೇಲೆ ಓದಿದೆ. ನಾಲ್ಕನೇ ದಿನದ ಹಾಳೆ.

ಹುಡುಗಿಯನ್ನು ಕರೆದೆ. ಮೆಮೊ ವಾಪಸ್ ತಗೊಂಡಿದ್ದೇನೆ ಅಂದೆ. "ಪರವಾಗಿಲ್ಲ ಮೇಡಂ" ಅಂದಳು. ಆ ಪರವಾಗಿಲ್ಲದಲ್ಲಿ ಎಷ್ಟೊಂದು ದೂರ ಇತ್ತು! ಅವಳಿಗೆ ನಾನು ಕ್ಷಮೆ ಕೇಳಿದ್ದು ಸಾಕಾಗಿರಲಿಲ್ಲ, ಯಾಕೆಂದರೆ ಬೈದದ್ದು ಎಲ್ಲರೆದುರು. ಹಾಗಾಗಿ ಮರುದಿನ ಹ್ಯಾಂಡೋವರ್‌ನಲ್ಲಿ, ಎಲ್ಲರೆದುರೇ, ಬ್ಯಾಟರಿ ಕಥೆ ಹೇಳಿದೆ. ನೋಡದೆ ಸಹಿ ಹಾಕಿದವಳು ನಾನು, ನನಗೆ ಯಾರೂ ಮೆಮೊ ಕೊಡಲಿಲ್ಲ ಅಂದೆ. ಆಮೇಲೆ ಆ ಇನ್ಸುಲಿನ್ ದಿನವನ್ನು ಬಿಡಿಸಿ ನೋಡಿದೆವು. ಒಂದೇ ಹೆಸರಿನ ಇಬ್ಬರನ್ನು ಅಕ್ಕಪಕ್ಕ ಹಾಕಿದ್ದು ಯಾರು? ಅಡ್ಮಿಷನ್ ಹೊತ್ತಿನಲ್ಲಿ ನಾನೇ. ಇನ್ಸುಲಿನ್ ಕೊಡುವ ಮುಂಚೆ ಇನ್ನೊಬ್ಬರು ನೋಡಬೇಕು ಅಂತ ನಿಯಮ ಇತ್ತು, ನೋಡಲು ಆ ಪಾಳಿಯಲ್ಲಿ ಯಾರಿದ್ದರು? ಒಬ್ಬಳು ರೋಗಿಯ ಜೊತೆ ಸ್ಕ್ಯಾನ್‌ಗೆ ಹೋಗಿದ್ದಳು, ಒಬ್ಬಳು ರಜೆ. ಕೈಪಟ್ಟಿಯ ಬದಲು ಹಾಸಿಗೆ ನಂಬರ್ ನೋಡಿ ಔಷಧಿ ಕೊಡುವ ಅಭ್ಯಾಸ ಎಷ್ಟು ಜನರಿಗಿದೆ? ಮೆಲ್ಲಗೆ ಕೈಗಳು ಎದ್ದವು. ಅಕ್ಕನ ಕೈಯೂ ಎದ್ದಿತು. ಅದು ಎದ್ದ ಮೇಲೆ ಉಳಿದವೂ ಎದ್ದವು.

ಬದಲಾದದ್ದು ಸಣ್ಣ ಸಂಗತಿಗಳು. ಒಂದೇ ಹೆಸರಿದ್ದರೆ ಹಾಸಿಗೆ ದೂರ, ಕೇಸ್ ಶೀಟ್ ಮೇಲೆ ಬಣ್ಣದ ಚೀಟಿ. ಇನ್ಸುಲಿನ್‌ಗೆ ಎರಡನೇ ಕಣ್ಣು ಸಿಗುವವರೆಗೆ ಕಾಯುವುದು, ತಡವಾದರೆ ತಡ ಅಂತ ಬರೆಯುವುದು. ರಿಪೋರ್ಟ್ ಫಾರಂನಲ್ಲಿ ಮಾಡಿದವರ ಹೆಸರಿನ ಜಾಗಕ್ಕೆ ಯಾವ ಪಾಳಿ, ಆಗ ಎಷ್ಟು ಜನ ಇದ್ದರು ಅಂತ ಬರೆಯುವುದು. ಮುಂದಿನ ತಿಂಗಳು ಏಳು ರಿಪೋರ್ಟ್ ಬಂದವು. ಮಾಸಿಕ ಸಭೆಯಲ್ಲಿ ಹುಬ್ಬೇರಿಸಿದರು. ಸೊನ್ನೆಗೆ ಚಪ್ಪಾಳೆ ತಟ್ಟಿದವರಿಗೆ ಏಳನ್ನು ವಿವರಿಸುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಕೆಳಗಿನವರನ್ನು ನಡೆಸುವ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೇಲಿನವರನ್ನು ನಂಬಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಇದಾದ ಮೇಲೆ ಹಾಸಿಗೆ ಪಕ್ಕದಲ್ಲೇ ನಿಂತು ಓವರ್ (ಹ್ಯಾಂಡೋವರ್) ಕೊಡುವ ಪದ್ಧತಿ ತಂದೆವು. ಮೊದಲು ನಾನೊಂದು ಸರ್ಕ್ಯುಲರ್ ಬರೆದು ಅಂಟಿಸಿದ್ದೆ. ಮೂರು ದಿನ ನಡೆದು ಸತ್ತಿತು. ಎರಡನೇ ಸಲ ಅಂಟಿಸಲಿಲ್ಲ. ಇಬ್ಬರು ಜೂನಿಯರ್‌ಗಳು ಆರು ಹಾಸಿಗೆಗೆ ಮಾತ್ರ ಎರಡು ವಾರ ಮಾಡಿ ನೋಡಿದರು. ಅವರ ಓವರ್ ಬೇಗ ಮುಗಿಯುತ್ತಿತ್ತು, ಪಾಳಿ ಮುಗಿಸಿ ಬೇಗ ಮನೆಗೆ ಹೋಗುತ್ತಿದ್ದರು. ಉಳಿದವರು ಅದನ್ನು ನೋಡಿ ತಾವೇ ಶುರು ಮಾಡಿದರು. ಇದರಲ್ಲಿ ನನ್ನ ದೂರದೃಷ್ಟಿ ಏನೂ ಇಲ್ಲ.

ಒಂದು ರಾತ್ರಿಯ ವಿಷಯ ಮಾತ್ರ ಹೇಳಲೇಬೇಕು. ಬೆಳಗ್ಗೆ ಬಂದಾಗ 22ನೇ ಹಾಸಿಗೆ ಖಾಲಿ. ಚಾರ್ಟ್ ನೋಡಿದೆ. ರಾತ್ರಿ ಎರಡೂವರೆಗೆ ಉಸಿರಾಟ ನಿಮಿಷಕ್ಕೆ 26, ನಾಡಿ 112, ಆಮ್ಲಜನಕ 94, ಜ್ವರ 38.4. ರೋಗಿ ಎಷ್ಟು ಕೆಡುತ್ತಿದ್ದಾರೆ ಅಂತ ಅಳೆಯಲು ನಾವು ಬಳಸುವುದು ಬ್ರಿಟನ್ನಿನಲ್ಲಿ ಶುರುವಾದ ನ್ಯೂಸ್-2 ಅಂಕ ಪದ್ಧತಿ. ಉಸಿರಾಟಕ್ಕೆ 3, ನಾಡಿಗೆ 2, ಆಮ್ಲಜನಕಕ್ಕೆ 1, ಜ್ವರಕ್ಕೆ 1. ಒಟ್ಟು 7. ಏಳು ಮುಟ್ಟಿದರೆ ತುರ್ತು ಕರೆ. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದಾಗ, ಪ್ಯಾರಾಸಿಟಮಾಲ್ ಕೊಡಿ, ಬೆಳಗ್ಗೆ ನೋಡೋಣ ಅಂದಿದ್ದಾರೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಫೋನ್. ಅದೇ ಉತ್ತರ. ಆಮೇಲೆ ಅವರ ಮೇಲಿನ ಡಾಕ್ಟರ್‌ಗೆ ಫೋನ್. ಚಾರ್ಟ್‌ನಲ್ಲಿ ಅವಳು ಹೇಳಿದ ಮಾತು ಹಾಗೇ ಬರೆದಿತ್ತು: "ಅಂಕ 7 ಇದೆ. ಎರಡು ಸಲ ತಿಳಿಸಿದ್ದೇನೆ. ನೀವು ಬಂದು ನೋಡಬೇಕು ಅಂತ ಕೇಳುತ್ತಿದ್ದೇನೆ." ಮೂರೂ ಕಾಲಿಗೆ ರೋಗಿಯನ್ನು ಐಸಿಯುಗೆ ಒಯ್ದಿದ್ದರು. ಸೋಂಕು ರಕ್ತಕ್ಕೆ ಏರುತ್ತಿತ್ತು.

ಫೋನ್ ಮಾಡಿದವಳು ಇನ್ಸುಲಿನ್ ಹುಡುಗಿ. ಹುದ್ದೆಯಲ್ಲಿ ನಮ್ಮ ವಾರ್ಡಿಗೇ ಚಿಕ್ಕವಳು. ಅವಳಿಗೆ ಅಂಕದ ಹಾಳೆ ಕೈಗೆ ಕೊಟ್ಟದ್ದು, ಯಾರಿಗೆ ಯಾವಾಗ ಫೋನ್ ಮಾಡಬೇಕು ಅಂತ ಗೋಡೆಗೆ ಅಂಟಿಸಿದ್ದು ನಾನು. ಬೈಸಿಕೊಂಡರೂ ಸರಿ ಅಂತ ಮೂರನೇ ಸಲ ಫೋನ್ ಎತ್ತಿಕೊಂಡದ್ದು ಅವಳು. ಹಾಳೆ ಇಲ್ಲದಿದ್ದರೆ ಅವಳ ಹತ್ತಿರ ಬರೀ ಆತಂಕ ಇರುತ್ತಿತ್ತು. ಅವಳಿಲ್ಲದಿದ್ದರೆ ಆ ಹಾಳೆ ಗೋಡೆಯಲ್ಲೇ ಇರುತ್ತಿತ್ತು.

ಅವಳಿಗೆ ಮುಂದೆ ಇನ್‌ಚಾರ್ಜ್ ಆಗುವ ಮನಸ್ಸಿದೆಯಾ ಅಂತ ಕೇಳಿದೆ. ಇಲ್ಲವಂತೆ. ಕ್ರಿಟಿಕಲ್ ಕೇರ್‌ನಲ್ಲಿ ಮುಂದೆ ಓದಿ ಅದರಲ್ಲೇ ಪಳಗುವ ಆಸೆಯಂತೆ. ಒಳ್ಳೆಯದು ಅಂದೆ. ಎಲ್ಲರನ್ನೂ ಒಂದೇ ಏಣಿ ಹತ್ತಿಸುವುದರಿಂದಲೇ ನಮ್ಮಲ್ಲಿ ಎಷ್ಟೋ ಒಳ್ಳೆಯ ನರ್ಸ್‌ಗಳು ಕಳೆದುಹೋಗಿ, ಅಷ್ಟೇ ಸಂಖ್ಯೆಯ ಸಪ್ಪೆ ಇನ್‌ಚಾರ್ಜ್‌ಗಳು ಹುಟ್ಟಿದ್ದಾರೆ.

ವರ್ಷ ತುಂಬುವ ಹೊತ್ತಿಗೆ ಹತ್ತು ದಿನ ರಜೆ ಹಾಕಿದೆ. ಮೊದಲ ಎರಡು ದಿನ ಫೋನ್ ಕೈಯಲ್ಲೇ ಇತ್ತು. ಯಾರೂ ಮಾಡಲಿಲ್ಲ. ಸ್ವಲ್ಪ ಬೇಜಾರೇ ಆಯಿತು ಅನ್ನಬೇಕು. ವಾಪಸ್ ಬಂದಾಗ ಕ್ರ್ಯಾಶ್ ಕಾರ್ಟ್ ರಿಜಿಸ್ಟರ್‌ನಲ್ಲಿ ಹತ್ತು ದಿನದ ಸಂಖ್ಯೆಗಳೂ ಇದ್ದವು, ಒಂದರ ಪ್ರೆಶರ್ ಇನ್ನೊಂದರ ಹಾಗಿರಲಿಲ್ಲ. ಮೇಜಿನ ಮೇಲೆ ನಾಲ್ಕು ರಿಪೋರ್ಟ್. ಮೂರನ್ನು ಓದಿ ಪಕ್ಕಕ್ಕಿಟ್ಟೆ. ನಾಲ್ಕನೆಯದರ ಕೈಬರಹ ಯಾರದೋ ಗೊತ್ತಾಗಲಿಲ್ಲ.

"ಏನು ನಡೆಯಿತು" ಅನ್ನುವಲ್ಲಿ ಹೀಗಿತ್ತು: "ರಾತ್ರಿ ಪಾಳಿಯಲ್ಲಿ ಮೂವರ ಪೈಕಿ ಇಬ್ಬರು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದವರು. ಮೂರನೆಯವರು ಐಸಿಯುಗೆ ರೋಗಿ ಬಿಡಲು ಹೋದಾಗ 30 ರೋಗಿಗಳಿಗೆ ಇಬ್ಬರು ಹೊಸಬರೇ ಉಳಿದರು. ರೋಗಿಗಳಿಗೆ ತೊಂದರೆ ಆಗಲಿಲ್ಲ." "ಕಾರಣ" ಅನ್ನುವಲ್ಲಿ ಎರಡೇ ಪದ: "ಇನ್‌ಚಾರ್ಜ್ ರೋಸ್ಟರ್."

ಇಡೀ ವರ್ಷ ಎಷ್ಟು ಜನ ಅಂತ ಎಣಿಸಿದ್ದೆ, ಯಾರ ಜೊತೆ ಯಾರು ಅಂತ ನೋಡಿರಲಿಲ್ಲ. ಹೊಸ ನರ್ಸ್ ಪಳಗಲು ಹಂತಗಳಿವೆ ಅಂತ ಪೆಟ್ರೀಷಿಯಾ ಬೆನರ್ 1984ರಲ್ಲೇ ಬರೆದದ್ದನ್ನು ಪರೀಕ್ಷೆಗೆ ಓದಿ ಮಾರ್ಕ್ಸ್ ತಗೊಂಡವಳು ನಾನು. ರೋಸ್ಟರ್‌ನಲ್ಲಿ ಎಲ್ಲರೂ ಒಂದೊಂದು ಮನೆ.

ಫಾರಂ ಮೇಲೆ "ನೋಡಿದೆ, ಸರಿಯಿದೆ" ಅಂತ ಬರೆದು ಸಹಿ ಹಾಕಿದೆ. ಮುಂದಿನ ತಿಂಗಳ ಹಾಳೆ ತೆಗೆದು, ಪೆನ್ಸಿಲ್‌ನಲ್ಲಿ, ಹೊಸಬರ ಹೆಸರಿನ ಪಕ್ಕ ಒಂದೊಂದು ಚುಕ್ಕೆ ಇಟ್ಟೆ. ಒಂದು ರಾತ್ರಿಗೆ ಎರಡು ಚುಕ್ಕೆ ಬರಬಾರದು. ಅರ್ಧ ಗಂಟೆ ಹೆಣಗಿದರೂ 19ನೇ ತಾರೀಖು ಕೂಡಲಿಲ್ಲ. "ಅಕ್ಕ, ಒಂದ್ನಿಮಿಷ ಬನ್ನಿ ಇಲ್ಲಿ" ಅಂತ ಕರೆದೆ.